ಕೊಳ್ಳುವವರ ಮನಸ್ಸು ಯಾರ ಸ್ವತ್ತು?

ಪೇಟೆಯಲ್ಲಿ ಒಂದು ವಸ್ತುವನ್ನು ಕೈಗೆತ್ತಿಕೊಂಡು ಅದರ ಪಕ್ಕದಲ್ಲಿರುವ ಮತ್ತೊಂದನ್ನು ಬಿಟ್ಟು ನಡೆಯುವ ಸಾಮಾನ್ಯ ಮನುಷ್ಯನ ಅಂತರಂಗದಲ್ಲಿ ಆ ಕ್ಷಣಕ್ಕೆ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ವರ್ತಕರು ಬಹುಕಾಲದಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ. ಅದೇ ಪ್ರಶ್ನೆಯನ್ನು ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಪ್ರಯೋಗದಿಂದಲೂ ಗಣನೆಯಿಂದಲೂ ಕೇಳತೊಡಗಿ ಈಗ ನೂರು ವರ್ಷಗಳಿಗೆ ಮೇಲಾಯಿತು. ಅಮೆರಿಕೆಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ವಾಲ್ಟರ್ ಡಿಲ್ ಸ್ಕಾಟ್ ಅವರು ಜಾಹೀರಾತಿನ ತತ್ತ್ವವನ್ನು ಮನಶ್ಶಾಸ್ತ್ರದ ದೃಷ್ಟಿಯಿಂದ ವಿವೇಚಿಸಿದ ಗ್ರಂಥ ಪ್ರಕಟವಾದದ್ದು 1903ರಲ್ಲಿ. ವರ್ತನವಾದದ ಪ್ರವರ್ತಕರೆಂದು ಪ್ರಸಿದ್ಧರಾದ ಜಾನ್ ಬಿ. ವಾಟ್ಸನ್ ಅವರು 1920ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪೀಠವನ್ನು ಬಿಡಬೇಕಾಗಿ ಬಂದಾಗ ಅವರಿಗೆ ಆಶ್ರಯ ಕೊಟ್ಟದ್ದು ಜೆ. ವಾಲ್ಟರ್ ಥಾಮ್ಸನ್ ಎಂಬ ಜಾಹೀರಾತು ಸಂಸ್ಥೆ. ವಿದ್ಯಾಪೀಠಕ್ಕೂ ಅಂಗಡಿಗೂ ಅಂದು ಏರ್ಪಟ್ಟ ಸಂಬಂಧವು ಇಂದಿಗೂ ಕಡಿದಿಲ್ಲ. ಕಡಿಯಬೇಕೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಯಾರ ಆಸೆ, ಅಂಜಿಕೆ, ಅಭ್ಯಾಸಗಳನ್ನು ಪರೀಕ್ಷಿಸಿ ಈ ವಿದ್ಯೆಯನ್ನು ಸಂಪಾದಿಸಿದರೋ ಆ ಜನಕ್ಕೆ ಅದರ ಮೇಲೆ ಯಾವ ಅಧಿಕಾರವೂ ಇಲ್ಲವೆಂಬಂತೆ ವ್ಯವಹಾರ ನಡೆದುಕೊಂಡು ಬಂದಿರುವುದು ನ್ಯಾಯವಲ್ಲವೆಂಬುದೂ, ಈ ಶಾಸ್ತ್ರವು ಕೊಳ್ಳುವವರಿಗೆ ಉತ್ತರ ಕೊಡತಕ್ಕ ಶಾಸ್ತ್ರವಾಗಬೇಕೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಈ ವಿದ್ಯೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುವ ಪ್ರಸಂಗವು ಎರಡನೆಯ ಮಹಾಯುದ್ಧದ ಕಾಲದ್ದು. ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿಯನ್ನು ತೊರೆದು ಬಂದ ಯೆಹೂದ್ಯ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅವರು ಆಗ ಅಯೋವಾ ವಿಶ್ವವಿದ್ಯಾನಿಲಯದಲ್ಲಿದ್ದರು. ಉತ್ತಮವಾದ ಮಾಂಸವು ಸೈನ್ಯಕ್ಕೆ ಬೇಕಾಗಿದ್ದುದರಿಂದ, ಪುಷ್ಟಿಕರವಾಗಿದ್ದರೂ ಅಮೆರಿಕೆಯ ಗೃಹಿಣಿಯರು ಮುಟ್ಟಲು ಹೇಸುತ್ತಿದ್ದ ಹೃದಯ, ಮೂತ್ರಪಿಂಡ ಮುಂತಾದ ಒಳಭಾಗಗಳನ್ನು ಮನೆಗಳಲ್ಲಿ ಬಳಕೆಗೆ ತರುವುದು ಹೇಗೆ ಎಂಬುದು ಆಗಿನ ಸಮಸ್ಯೆ. ಅಂಥ ವಿಷಯಗಳನ್ನು ಪರಿಶೀಲಿಸಲು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಏರ್ಪಡಿಸಿದ್ದ ಸಮಿತಿಗೆ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅವರು ಕಾರ್ಯದರ್ಶಿಗಳಾಗಿದ್ದರು. ಊಟದ ಮೇಜಿಗೆ ಬಂದ ಪದಾರ್ಥವನ್ನು ಮನೆಯವರು ಬಹುಮಟ್ಟಿಗೆ ತಿಂದೇ ತಿನ್ನುತ್ತಾರೆ, ಆದುದರಿಂದ ಆ ಮೇಜಿಗೆ ಏನು ಬರತಕ್ಕದ್ದೆಂದು ನಿಶ್ಚಯಿಸುವ ಗೃಹಿಣಿಯೇ ಇಲ್ಲಿ ದ್ವಾರಪಾಲಕಿ ಎಂಬುದನ್ನು ಲೆವಿನ್ ಮೊದಲು ಗ್ರಹಿಸಿದರು. ಬಳಿಕ ರೆಡ್ ಕ್ರಾಸ್ ಸಂಸ್ಥೆಯ ಸ್ವಯಂಸೇವಕಿಯರ ಆರು ಗುಂಪುಗಳನ್ನು ತೆಗೆದುಕೊಂಡು, ಮೂರು ಗುಂಪುಗಳಿಗೆ ಈ ಮಾಂಸಗಳ ಪುಷ್ಟಿಗುಣವನ್ನೂ ಯುದ್ಧಕಾಲದ ಕರ್ತವ್ಯವನ್ನೂ ವಿವರಿಸಿ ಆಕರ್ಷಕವಾದ ಉಪನ್ಯಾಸವನ್ನು ಏರ್ಪಡಿಸಿ ಪಾಕಕ್ರಮದ ಕಾಗದಗಳನ್ನು ಹಂಚಿದರು. ಉಳಿದ ಮೂರು ಗುಂಪುಗಳಲ್ಲಿ ಉಪನ್ಯಾಸವಿಲ್ಲದೆ, ನಮ್ಮಂಥ ಗೃಹಿಣಿಯರಿಗೆ ಇದು ಏಕೆ ಒಗ್ಗುವುದಿಲ್ಲ, ಗಂಡ ಏನೆನ್ನುತ್ತಾನೆ, ಬೇಯುವಾಗ ಬರುವ ವಾಸನೆಗೆ ಏನು ಮಾಡಬೇಕು ಎಂದು ಆ ಹೆಂಗಸರೇ ಮಾತನಾಡಿಕೊಂಡು, ಕೊನೆಗೆ ಯಾರು ಯಾರು ಪ್ರಯತ್ನಿಸಿ ನೋಡಲು ಸಿದ್ಧರೆಂಬುದನ್ನು ಕೈಯೆತ್ತಿ ತಿಳಿಸುವಂತೆ ಮಾಡಿದರು. ಎರಡಕ್ಕೂ ಕೊಟ್ಟ ಕಾಲ ಮುಕ್ಕಾಲು ಗಂಟೆ. ಅನಂತರ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಹಿಂದೆಂದೂ ಮಾಡದಿದ್ದ ಮಾಂಸವನ್ನು ಮಾಡಿ ಬಡಿಸಿದ್ದವರು ನೂರಕ್ಕೆ 3 ಮಂದಿ. ಕೂಡಿ ಚರ್ಚಿಸಿ ನಿರ್ಧರಿಸಿದವರಲ್ಲಿ ನೂರಕ್ಕೆ 32 ಮಂದಿ.

ಆರೇ ಗುಂಪುಗಳ ಪ್ರಯೋಗ ಅದು. ಚರ್ಚೆಯ ಗುಂಪಿನವರಿಗೆ ಮುಂದೆ ವಿಚಾರಣೆಗೆ ಬರುತ್ತೇವೆಂದು ತಿಳಿಸಿದ್ದರು, ಉಪನ್ಯಾಸದವರಿಗೆ ತಿಳಿಸಿರಲಿಲ್ಲ. ಈ ನ್ಯೂನತೆಗಳನ್ನು ಮರೆಮಾಡಿ ಹೊಗಳುವುದು ವಿದ್ಯೆಗೆ ಸಲ್ಲಿಸುವ ಮರ್ಯಾದೆಯಲ್ಲ. ಆದರೂ ನನ್ನ ಮನಸ್ಸನ್ನು ಸೆಳೆಯುವುದು ಅಂಕಿಗಳಿಗಿಂತ ಹೆಚ್ಚಾಗಿ ಆ ಪ್ರಯೋಗದ ನಡತೆ. ಅಲ್ಲಿ ಪರೀಕ್ಷೆಗೆ ಒಳಗಾದವರಿಗೆ ತಮ್ಮಿಂದ ಏನನ್ನು ಅಪೇಕ್ಷಿಸುತ್ತಿದ್ದಾರೆ, ಏತಕ್ಕೆ ಅಪೇಕ್ಷಿಸುತ್ತಿದ್ದಾರೆ ಎಂಬುದು ಗೊತ್ತಿತ್ತು; ಬೇಡವೆನ್ನುವ ಸ್ವಾತಂತ್ರ್ಯವಿತ್ತು; ತಮ್ಮ ಅಸಹ್ಯವನ್ನೂ ಅಡಚಣೆಯನ್ನೂ ಬಾಯಿ ಬಿಟ್ಟು ಹೇಳಿಕೊಳ್ಳುವ ಅವಕಾಶವಿತ್ತು. ಮನುಷ್ಯರನ್ನು ವಿಚಾರಶಕ್ತಿಯುಳ್ಳವರೆಂದು ಭಾವಿಸಿ ನಡೆದುಕೊಂಡಾಗ ಅವರು ತಮ್ಮ ರೂಢಿಯನ್ನು ಬದಲಿಸಿಕೊಂಡರು. ಈ ಶಾಸ್ತ್ರವು ಮುಂದೆ ಹಿಡಿದ ದಾರಿಗಳನ್ನು ನೋಡುವಾಗ ಈ ಆರಂಭವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಆವಶ್ಯಕ.

ಯುದ್ಧ ಮುಗಿದ ಮೇಲೆ ಪದಾರ್ಥಗಳು ಹೇರಳವಾದುವು. ಮಾರುವ ಚಿಂತೆ ಹೆಚ್ಚಿತು. 1950ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮೇಸನ್ ಹೇರ್ ಅವರು ಪ್ರಕಟಿಸಿದ ಒಂದು ಪುಟ್ಟ ಪ್ರಬಂಧವನ್ನು ಈ ಕ್ಷೇತ್ರದಲ್ಲಿ ಇಂದಿಗೂ ಓದುತ್ತಾರೆ. ಬಿಸಿ ನೀರಿಗೆ ಬೆರಸಿದೊಡನೆ ಸಿದ್ಧವಾಗುವ ನೆಸ್ಕೆಫೆ ಕಾಫಿಪುಡಿಯನ್ನು ಏಕೆ ಕೊಳ್ಳುವುದಿಲ್ಲವೆಂದು ನೇರವಾಗಿ ಕೇಳಿದರೆ, ಬಹುಮಂದಿ ಗೃಹಿಣಿಯರು ಅದರ ರುಚಿ ಹಿಡಿಸುವುದಿಲ್ಲವೆನ್ನುತ್ತಿದ್ದರು. ಈ ಉತ್ತರದ ಹಿಂದೆ ಬೇರೇನೋ ಇದೆಯೆಂದು ಸಂದೇಹಪಟ್ಟ ಹೇರ್ ಅವರು ಮಾಂಸ, ಬ್ರೆಡ್ಡು, ಕ್ಯಾರೆಟ್ಟು, ಆಲೂಗೆಡ್ಡೆ ಮೊದಲಾದವುಗಳ ಎರಡು ಸಾಮಾನಿನ ಚೀಟಿಗಳನ್ನು ಬರೆದರು. ಎರಡಕ್ಕೂ ಇದ್ದ ಭೇದ ಒಂದೇ, ಒಂದರಲ್ಲಿ ನೆಸ್ಕೆಫೆ, ಇನ್ನೊಂದರಲ್ಲಿ ಸೋಸಿ ಇಳಿಸುವ ಮ್ಯಾಕ್ಸ್‌ವೆಲ್ ಹೌಸ್ ಪುಡಿ. ಒಬ್ಬೊಬ್ಬರಿಗೆ ಒಂದೊಂದೇ ಚೀಟಿಯನ್ನು ತೋರಿಸಿ, ಇದನ್ನು ಬರೆದ ಹೆಂಗಸು ಎಂಥವಳಿರಬಹುದು, ವರ್ಣಿಸಿ ಎಂದು ಕೇಳಿದಾಗ, ನೆಸ್ಕೆಫೆ ಬರೆದವಳನ್ನು ನೂರಕ್ಕೆ 48 ಮಂದಿ ಸೋಮಾರಿಯೆಂದರು. ಮತ್ತೊಬ್ಬಳನ್ನು ಹಾಗೆಂದವರು ನೂರಕ್ಕೆ 4 ಮಾತ್ರ. ನೆಸ್ಕೆಫೆ ಬರೆದವಳು ಒಳ್ಳೆಯ ಹೆಂಡತಿಯಲ್ಲವೆಂದವರೂ ಇದ್ದರು. ಕಾಫಿಯ ರುಚಿಯೆಂದು ಹೇಳಿದ್ದು, ಆಳದಲ್ಲಿ ಗೃಹಿಣೀಧರ್ಮವನ್ನು ಕುರಿತ ಲೋಕಾಪವಾದದ ಭಯವಾಗಿತ್ತು. ಬೆಳಗಿನ ಡಿಕಾಕ್ಷನ್ ಇಳಿಸುವುದನ್ನೇ ಗೃಹಕೃತ್ಯದ ಮೊದಲ ಕಟ್ಟಳೆಯೆಂದು ನಡಸಿಕೊಂಡು ಬಂದ ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬೆಳೆದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅದೇ ನೆಸ್ಕೆಫೆಯ ತಯಾರಿಕೆ ನಂಜನಗೂಡಿಗೇ ಬಂದು ವರ್ಷಗಳು ಕಳೆದಮೇಲೂ, ಬಂದ ನೆಂಟರಿಗೆ ಆ ಪುಡಿಯ ಕಾಫಿಯನ್ನು ಕೊಡುವುದಕ್ಕೆ ಸಂಕೋಚಪಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಹೇರ್ ಅವರ ಪ್ರಬಂಧವು ಸೂಕ್ಷ್ಮವಾದ ಮಾನವೀಯ ದರ್ಶನ. ಹೆಂಗಸಿನ ಯೋಗ್ಯತೆಯನ್ನು ಅವಳ ಒಲೆಯ ಮುಂದಿನ ಶ್ರಮದಿಂದ ಅಳೆಯುವ ಸಮಾಜವನ್ನು ಅದು ಸಾಮಾನಿನ ಒಂದು ಚೀಟಿಯಲ್ಲಿ ಬಯಲಿಗೆಳೆಯಿತು. ಆದರೆ ಆ ದರ್ಶನದಿಂದ ಹೊರಡಬಹುದಾದ ಮಾರ್ಗಗಳು ಎರಡು: ಆ ಅಪವಾದವನ್ನು ಅಲ್ಲಗಳೆದು ಗೃಹಿಣಿಯ ಭಾರವನ್ನು ಇಳಿಸುವುದೊಂದು, ಅವಳ ಭಯವನ್ನು ಗುರುತು ಹಾಕಿಕೊಂಡು ಅದನ್ನೇ ಮೀಟಿ ಸರಕನ್ನು ಮಾರುವುದು ಮತ್ತೊಂದು. ಪೇಟೆಯು ಯಾವುದನ್ನು ಹೆಚ್ಚಾಗಿ ಹಿಡಿಯಿತೆಂಬುದಕ್ಕೆ, ಬಿಳಿಯ ಅಂಗಿಯನ್ನೂ ಮಗುವಿನ ಎತ್ತರವನ್ನೂ ಮುಂದಿಟ್ಟು ತಾಯಂದಿರನ್ನು ತಪ್ಪಿತಸ್ಥರಂತೆ ನಿಲ್ಲಿಸುವ, ನಾವು ನಮ್ಮ ಮನೆಗಳಲ್ಲಿ ದಿನವೂ ನೋಡುವ ಜಾಹೀರಾತುಗಳೇ ಸಾಕ್ಷಿ.

ಅದೇ ದಶಕದಲ್ಲಿ ಈ ವಿದ್ಯೆಯ ಹೆಸರಿನಲ್ಲಿ ಒಂದು ದೊಡ್ಡ ಸುಳ್ಳೂ ಹುಟ್ಟಿತು. 1957ರಲ್ಲಿ ಜೇಮ್ಸ್ ವಿಕಾರಿ ಎಂಬವರು, ನ್ಯೂ ಜೆರ್ಸಿಯ ಒಂದು ಚಿತ್ರಮಂದಿರದಲ್ಲಿ ಕಣ್ಣಿಗೆ ನಿಲುಕದ ವೇಗದಲ್ಲಿ ಕೊಕಾ-ಕೋಲಾ ಕುಡಿಯಿರಿ, ಪಾಪ್‌ಕಾರ್ನ್ ತಿನ್ನಿರಿ ಎಂಬ ಆಜ್ಞೆಗಳನ್ನು ತೆರೆಯ ಮೇಲೆ ಮಿಂಚಿಸಿ, ಪಾಪ್‌ಕಾರ್ನಿನ ಮಾರಾಟವನ್ನು ನೂರಕ್ಕೆ 57ಕ್ಕೂ ಮೀರಿ ಹೆಚ್ಚಿಸಿದೆನೆಂದು ಘೋಷಿಸಿದರು. ವಾನ್ಸ್ ಪ್ಯಾಕರ್ಡ್ ಅವರು ಜಾಹೀರಾತುದಾರರ ಗುಪ್ತ ತಂತ್ರಗಳನ್ನು ಕುರಿತು ಬರೆದ ಪುಸ್ತಕವೂ ಅದೇ ವರ್ಷ ಪ್ರಕಟವಾಗಿ ಜನರನ್ನು ಬೆಚ್ಚಿಸಿತ್ತು. ಐದು ವರ್ಷಗಳ ತರುವಾಯ ವಿಕಾರಿಯವರೇ, ತಮ್ಮಲ್ಲಿದ್ದ ಮಾಹಿತಿ ಯಾತಕ್ಕೂ ಸಾಲದಷ್ಟು ಅಲ್ಪವಾಗಿತ್ತೆಂದು ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ಕೇಳಿದವರು ಕೆಲವರು. ಮೊದಲ ಘೋಷಣೆಯನ್ನು ನಂಬಿದವರು ಇಂದಿಗೂ ಅಸಂಖ್ಯಾತರು. ಮಾರುವವರ ಶಕ್ತಿಯನ್ನು ಹೀಗೆ ಮಾಂತ್ರಿಕವೆಂದು ನಂಬುವುದರಿಂದ ಕೊಳ್ಳುವವರಿಗೆ ರಕ್ಷಣೆಯೇನೂ ದೊರೆಯುವುದಿಲ್ಲ. ತಮ್ಮ ಕೈಯಲ್ಲಿ ಏನೂ ಇಲ್ಲವೆಂಬ ನಿಸ್ಸಹಾಯತೆ ಮಾತ್ರ ಬೆಳೆಯುತ್ತದೆ.

ಆದುದರಿಂದಲೇ ಈ ಶಾಸ್ತ್ರದಲ್ಲಿ ಯಾವುದು ನಿಜ, ಯಾವುದು ಜೊಳ್ಳು ಎಂಬ ವಿವೇಚನೆ ಪಂಡಿತರ ಮನೆವಾರ್ತೆಯಲ್ಲ, ಸಾರ್ವಜನಿಕ ವಿಷಯ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅವರು 2000ದಲ್ಲಿ ಪ್ರಕಟಿಸಿದ ಜಾಮಿನ ಪ್ರಯೋಗವು ಜಗತ್ಪ್ರಸಿದ್ಧವಾದದ್ದು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಅಂಗಡಿಯೊಂದರಲ್ಲಿ 24 ಬಗೆಯ ಜಾಮುಗಳನ್ನು ರುಚಿ ನೋಡಲು ಇಟ್ಟಾಗ ನಿಂತು ನೋಡಿದವರು ಹೆಚ್ಚು, ಆದರೆ ಅವರಲ್ಲಿ ಕೊಂಡವರು ನೂರಕ್ಕೆ 3. ಆರೇ ಬಗೆಗಳನ್ನು ಇಟ್ಟಾಗ ನಿಂತವರು ಕಡಮೆ, ಆದರೆ ಅವರಲ್ಲಿ ಕೊಂಡವರು ನೂರಕ್ಕೆ 30. ಆಯ್ಕೆ ಹೆಚ್ಚಿದಷ್ಟೂ ಮನಸ್ಸು ಹಿಂಜರಿಯುತ್ತದೆಂಬ ಸಿದ್ಧಾಂತ ಇದರಿಂದ ಹಬ್ಬಿತು. ಹತ್ತು ವರ್ಷಗಳ ಮೇಲೆ ಇಂಥ 50 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದವರಿಗೆ ಕಂಡುಬಂದ ಸರಾಸರಿ ಪರಿಣಾಮ ಹೆಚ್ಚುಕಡಮೆ ಸೊನ್ನೆ; ಇನ್ನೈದು ವರ್ಷಗಳಲ್ಲಿ ಮತ್ತೊಂದು ತಂಡವು, ಕೊಳ್ಳುವವರಿಗೆ ತಮಗೆ ಬೇಕಾದದ್ದು ಯಾವುದೆಂಬುದೇ ಸ್ಪಷ್ಟವಾಗಿಲ್ಲದಿರುವಂಥ ಕೆಲವು ಸಂದರ್ಭಗಳಲ್ಲಿ ಆ ಪರಿಣಾಮ ನಿಜವಾಗಿಯೂ ಉಂಟೆಂದು ತೋರಿಸಿತು. ಹೋಟೆಲುಗಳಲ್ಲಿ ಟವೆಲುಗಳನ್ನು ಮರಳಿ ಬಳಸುವಂತೆ ಕೋರುವ ಫಲಕದ ಕಥೆಯೂ ಹೀಗೆಯೇ: ಪರಿಸರವನ್ನು ಉಳಿಸಿರೆಂದು ಹೇಳುವುದಕ್ಕಿಂತ, ಇಲ್ಲಿ ತಂಗಿದವರಲ್ಲಿ ಬಹುಮಂದಿ ಹಾಗೆ ಮಾಡುತ್ತಾರೆಂದು ಹೇಳಿದಾಗ ಅನುಸರಿಸುವವರು ಹೆಚ್ಚೆಂದು 2008ರಲ್ಲಿ ಅಮೆರಿಕೆಯ ಪ್ರಯೋಗ ಕಂಡಿತು, ಕೆಲವು ವರ್ಷಗಳ ಅನಂತರ ಜರ್ಮನಿಯಲ್ಲಿ ಅದನ್ನೇ ಮಾಡಿ ನೋಡಿದಾಗ ಆ ಹೆಚ್ಚಳ ಕಾಣಲಿಲ್ಲ. ಇದರಿಂದ ಮೊದಲಿನವರು ಮೋಸಗಾರರೆಂದು ಹೇಳುವಂತಿಲ್ಲ. ಮನುಷ್ಯಸ್ವಭಾವದ ಸತ್ಯಗಳು ದೇಶಕಾಲಗಳನ್ನು ಅನುಸರಿಸಿ ಬದಲಾಗುತ್ತವೆ, ಅವುಗಳನ್ನು ಸಾವಧಾನವಾಗಿ ಪುನಃ ಪುನಃ ಪರೀಕ್ಷಿಸಬೇಕಾಗುತ್ತದೆ. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಹಲವು ಸಂಶೋಧಕರು ಕೂಡಿ ಮತ್ತೆ ಮಾಡಿ ನೋಡಿದಾಗ, ಮೂಲದಂತೆಯೇ ಸಾರ್ಥಕ ಫಲಿತಾಂಶ ಬಂದದ್ದು ನೂರಕ್ಕೆ 36ರಲ್ಲಿ ಮಾತ್ರ ಎಂಬುದನ್ನು ನೆನೆದರೆ ಈ ಸಾವಧಾನದ ಬೆಲೆ ತಿಳಿದೀತು.

ಆದರೆ ಪ್ರಾಮಾಣಿಕವಾದ ಅನಿಶ್ಚಯ ಬೇರೆ, ಅಂಕಿಗಳನ್ನು ಹಿಂಡಿ ಬೇಕಾದ ಫಲವನ್ನು ತೆಗೆಯುವುದು ಬೇರೆ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಆಹಾರದ ಕೊಳ್ಳುವಿಕೆಯನ್ನು ಕುರಿತ ಪ್ರಯೋಗಶಾಲೆಯನ್ನು ನಡಸುತ್ತಿದ್ದ ಬ್ರಯನ್ ವಾನ್ಸಿಂಕ್ ಅವರ ಮಾತು ಅಮೆರಿಕೆಯ ಶಾಲೆಗಳ ಊಟದ ಮನೆಗಳವರೆಗೂ ನಡೆದಿತ್ತು. ತಳದಿಂದ ಗುಟ್ಟಾಗಿ ತುಂಬುತ್ತಲೇ ಇರುವ ಸೂಪಿನ ಬಟ್ಟಲಿನ ಅವರ ಪ್ರಯೋಗವನ್ನು ಪತ್ರಿಕೆಗಳೆಲ್ಲ ಕೊಂಡಾಡಿದ್ದುವು. 2017ರಿಂದ ಕೆಲವರು ತರುಣ ಸಂಶೋಧಕರು ಅವರ ಪ್ರಬಂಧಗಳ ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ ಅಸಾಂಗತ್ಯಗಳನ್ನು ಎತ್ತಿ ತೋರಿಸಿದರು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ವೈದ್ಯಕೀಯ ಸಂಘದ ಪತ್ರಿಕೆಗಳು ಒಂದೇ ದಿನ ಅವರ ಆರು ಪ್ರಬಂಧಗಳನ್ನು ಹಿಂತೆಗೆದುಕೊಂಡುವು. ಸಂಶೋಧನೆಯಲ್ಲಿ ದುರ್ವರ್ತನೆ ನಡೆದಿದೆಯೆಂದು ಅವರ ವಿಶ್ವವಿದ್ಯಾನಿಲಯವೇ ನಿರ್ಣಯಿಸಿತು. ಈ ಪ್ರಸಂಗದಿಂದ ನನಗೆ ದುಃಖವಾಗುವುದು ನಿಜ. ಆದರೆ ಅದರಲ್ಲಿ ಒಂದು ಭರವಸೆಯೂ ಉಂಟು. ಪ್ರಬಂಧಗಳು ಪ್ರಕಟವಾಗಿದ್ದುದರಿಂದಲೇ, ಅಂಕಿಗಳು ಎಲ್ಲರ ಕಣ್ಣಿಗೆ ಬಿದ್ದಿದ್ದುದರಿಂದಲೇ ತಪ್ಪು ಸಿಕ್ಕಿಬಿದ್ದಿತು.

ಇಂದಿನ ಮುಖ್ಯ ಆತಂಕವಿರುವುದು ಇಲ್ಲಿ. ಕೊಳ್ಳುವವರ ಮೇಲಿನ ಪ್ರಯೋಗಗಳು ಈಗ ಬಹುತರವಾಗಿ ನಡೆಯುತ್ತಿರುವುದು ವಿಶ್ವವಿದ್ಯಾನಿಲಯಗಳಲ್ಲಲ್ಲ, ವ್ಯಾಪಾರ ಸಂಸ್ಥೆಗಳ ಒಳಗೆ. ಫೇಸ್‌ಬುಕ್ ಸಂಸ್ಥೆಯು 2012ರ ಜನವರಿಯಲ್ಲಿ ಒಂದು ವಾರ ಕಾಲ 6,89,003 ಮಂದಿ ಬಳಕೆದಾರರ ಮುಂದೆ ಬರುವ ಬರೆಹಗಳಲ್ಲಿ ಸಂತೋಷದ ಅಥವಾ ದುಃಖದ ಮಾತುಗಳನ್ನು ಕಡಮೆ ಮಾಡಿ, ಅದರಿಂದ ಅವರ ಬರೆವಣಿಗೆಯ ಭಾವವು ಬದಲಾಗುವುದೇ ಎಂದು ಪರೀಕ್ಷಿಸಿದ್ದು ಲೋಕಕ್ಕೆ ತಿಳಿದದ್ದು 2014ರಲ್ಲಿ, ಅದೂ ವಿಶ್ವವಿದ್ಯಾನಿಲಯದ ವಿದ್ವಾಂಸರೊಡನೆ ಸೇರಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದುದರಿಂದ. ಆ ವಾರ ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯೆಂದು ಆ ಆರು ಲಕ್ಷಕ್ಕೆ ಮೀರಿದ ಜನಕ್ಕೆ ಯಾರೂ ಹೇಳಿರಲಿಲ್ಲ. ಕಂಡ ಪರಿಣಾಮ ಅತ್ಯಲ್ಪವಾಗಿತ್ತು. ಆದರೆ ಪ್ರಶ್ನೆ ಪರಿಣಾಮದ ಗಾತ್ರದ್ದಲ್ಲ. ಗುಂಡಿಯ ಬಣ್ಣವನ್ನೋ ಬೆಲೆಯ ಸ್ಥಾನವನ್ನೋ ಎರಡು ಬಗೆಯಾಗಿ ಮಾಡಿ, ಅರ್ಧ ಜನಕ್ಕೆ ಒಂದನ್ನೂ ಉಳಿದರ್ಧಕ್ಕೆ ಇನ್ನೊಂದನ್ನೂ ತೋರಿಸಿ ಯಾವುದರಿಂದ ಹೆಚ್ಚು ಹಣ ಬರುವುದೆಂದು ನೋಡುವುದು ಆ್ಯಪುಗಳನ್ನು ನಡಸುವವರಿಗೆ ಈಗ ನಿತ್ಯವಿಧಿ. ಆ ಕೆಲಸ ನಮ್ಮ ಬೆಂಗಳೂರಿನ ಕಚೇರಿಗಳಲ್ಲಿಯೂ ನಡೆಯುತ್ತದೆ. ಅಲ್ಲಿ ಸಮ್ಮತಿಯನ್ನು ಕೇಳುವ ನೀತಿಸಮಿತಿಯಿಲ್ಲ, ಫಲಿತಾಂಶದ ಪ್ರಕಟಣೆಯಿಲ್ಲ, ತಾಳೆ ನೋಡುವ ತರುಣರಿಗೆ ಪ್ರವೇಶವಿಲ್ಲ.

ಅರಿಜೋನಾದ ಪ್ರಾಧ್ಯಾಪಕ ರಾಬರ್ಟ್ ಚಾಲ್ಡೀನಿ ಅವರು ಮಾರಾಟಗಾರರ ತರಬೇತಿಗಳಲ್ಲಿ ತಾವೂ ಸೇರಿ, ಅಲ್ಲಿ ಕಂಡದ್ದನ್ನು 1984ರಲ್ಲಿ ಗ್ರಂಥವಾಗಿ ಬರೆದಾಗ, ಅದನ್ನು ಉದ್ದೇಶಿಸಿದ್ದು ಸಾಮಾನ್ಯ ಓದುಗರಿಗಾಗಿ; ವಸ್ತು ಮುಗಿದುಹೋಗುತ್ತಿದೆಯೆಂಬ ಅವಸರ, ಎಲ್ಲರೂ ಕೊಳ್ಳುತ್ತಿದ್ದಾರೆಂಬ ನಂಬಿಕೆ, ಪಡೆದ ಸಣ್ಣ ಉಪಕಾರದ ಋಣ ಮೊದಲಾದ ಒಂದೊಂದು ಪ್ರೇರಣೆಯನ್ನು ವಿವರಿಸಿದ ಮೇಲೆ ಅದಕ್ಕೆ ವಶವಾಗದಿರುವುದು ಹೇಗೆಂದು ಅವರು ಬರೆದರು. ಆ ಪುಸ್ತಕವನ್ನು ಸಾಮಾನ್ಯ ಗ್ರಾಹಕರಿಗಿಂತ ಹೆಚ್ಚಿನ ಆಸಕ್ತಿಯಿಂದ ಮಾರುವವರು ಓದಿಕೊಂಡರು. ಇನ್ನೆರಡೇ ಉಳಿದಿವೆಯೆಂಬ ಎಚ್ಚರಿಕೆ, ಕ್ಷಣಕ್ಷಣಕ್ಕೂ ಇಳಿಯುತ್ತಿರುವ ಗಡಿಯಾರ, ಈಗತಾನೆ ಇಷ್ಟು ಜನ ಕೊಂಡರೆಂಬ ಸುದ್ದಿ ನಮ್ಮ ಮೊಬೈಲ್ ಪರದೆಗಳನ್ನು ತುಂಬಿರುವುದು ಅದರ ಫಲವೆಂದು ತೋರುತ್ತದೆ. 2019ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಮುಂದಾಳುಗಳಾಗಿ ಸುಮಾರು 11,000 ಮಾರಾಟದ ಜಾಲತಾಣಗಳನ್ನು ಯಂತ್ರದ ಸಹಾಯದಿಂದ ಶೋಧಿಸಿ 1,818 ಇಂಥ ಉಪಾಯಗಳನ್ನು ಪಟ್ಟಿ ಮಾಡಿದರು. ಅವಧಿ ಮುಗಿದರೂ ಬೆಲೆ ಬದಲಾಗದ ಗಡಿಯಾರಗಳು ಅವುಗಳಲ್ಲಿದ್ದುವು. ಇಂಥ ಉಪಾಯಗಳನ್ನು ಸಿದ್ಧಮಾಡಿ ಅಂಗಡಿಗಳಿಗೆ ಒದಗಿಸುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳೂ ಇದ್ದುವು. ಇದು ನಾನು ಬಯಸುವ ಬಗೆಯ ಸಂಶೋಧನೆ. ಕೊಳ್ಳುವವರ ಪಕ್ಕದಲ್ಲಿ ನಿಂತು ಮಾರುವವರ ವರ್ತನೆಯನ್ನು ಅದು ಪರೀಕ್ಷಿಸಿತು.

ನಮ್ಮ ದೇಶದಲ್ಲಿಯೂ ಒಂದು ಹೆಜ್ಜೆ ಮುಂದೆ ಬಿದ್ದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು, ಡಾರ್ಕ್ ಪ್ಯಾಟರ್ನ್ ಎನ್ನಿಸಿಕೊಳ್ಳುವ 13 ಬಗೆಯ ಉಪಾಯಗಳನ್ನು ಹೆಸರಿಸಿ ನಿಷೇಧಿಸಿದುವು: ಸುಳ್ಳು ಅವಸರವನ್ನು ಹುಟ್ಟಿಸುವುದು, ಕೇಳದೆಯೇ ವಿಮೆಯನ್ನೋ ದಾನವನ್ನೋ ಕಾರ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವಂಥ ಮಾತುಗಳನ್ನು ಬಳಸುವುದು, ಚಂದಾವನ್ನು ನಿಲ್ಲಿಸಲಾಗದಂತೆ ತೊಡಕು ಮಾಡುವುದು, ಬೆಲೆಯ ಭಾಗಗಳನ್ನು ಕೊನೆಯವರೆಗೆ ಮರೆಸಿಡುವುದು ಮುಂತಾಗಿ. 2025ರ ಜೂನಿನಲ್ಲಿ ಇದೇ ಪ್ರಾಧಿಕಾರವು, ಮೂರು ತಿಂಗಳೊಳಗಾಗಿ ತಮ್ಮನ್ನು ತಾವೇ ಪರಿಶೋಧಿಸಿಕೊಳ್ಳಬೇಕೆಂದು ಮಾರಾಟದ ತಾಣಗಳಿಗೆ ಸಲಹೆ ಕೊಟ್ಟಿತು. ಸಲಹೆ ಸ್ವಾಗತಾರ್ಹ, ಆದರೆ ಪರಿಶೋಧಿಸತಕ್ಕವನೂ ಪರಿಶೋಧನೆಗೆ ಒಳಗಾಗುವವನೂ ಒಬ್ಬನೇ ಆದಲ್ಲಿ ಆ ವರದಿಯನ್ನು ಜನ ನಂಬುವುದಾದರೂ ಹೇಗೆ?

ಇಲ್ಲಿ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಮಾಡತಕ್ಕ ಕೆಲಸವಿದೆ. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿಗಳಲ್ಲಿ ವಾಣಿಜ್ಯವನ್ನೂ ಮನಶ್ಶಾಸ್ತ್ರವನ್ನೂ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು, ಅಮೆರಿಕೆಯ ಜಾಮಿನ ಅಂಗಡಿಯ ಫಲವನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವುದಕ್ಕೆ ಬದಲಾಗಿ, ಅದು ನಮ್ಮ ಸಂತೆಯಲ್ಲಿಯೂ ಕಿರಾಣಿ ಅಂಗಡಿಯಲ್ಲಿಯೂ ನಿಲ್ಲುತ್ತದೆಯೇ ಎಂದು, ಪರೀಕ್ಷೆಗೊಳಗಾಗುವವರ ಸಮ್ಮತಿಯನ್ನು ಪಡೆದು, ಶೋಧಿಸಿ ನೋಡಬಹುದು. ಬಂದ ಫಲವನ್ನೂ ಬಾರದ ಫಲವನ್ನೂ ಕನ್ನಡದಲ್ಲಿಯೇ ಪ್ರಕಟಿಸಬಹುದು. ಇಂಗ್ಲಿಷಿನ ಷರತ್ತುಗಳನ್ನು ಓದಲಾರದೆ ಒಪ್ಪಿಗೆಯ ಗುಂಡಿಯನ್ನು ಒತ್ತುವ ಹಿರಿಯರೊಡನೆಯೂ ಸ್ತ್ರೀಶಕ್ತಿ ಸಂಘಗಳ ಹೆಂಗಸರೊಡನೆಯೂ ಕುಳಿತು, ಲೆವಿನ್ ಅವರ ಗುಂಪುಗಳಲ್ಲಿ ನಡೆದಂತೆ, ಯಾವ ಪುಟದಲ್ಲಿ ಎಡವಿದರು, ಯಾವ ಮಾತಿಗೆ ಹೆದರಿ ಹಣ ಕಟ್ಟಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಬಹುದು. ಹಾಗೆ ದಾಖಲಾದದ್ದನ್ನು ಪ್ರಾಧಿಕಾರಕ್ಕೆ ಕಳುಹಿಸುವುದಕ್ಕೂ, ಬಿಡಿ ದೂರುಗಳನ್ನು 1915 ಎಂಬ ಗ್ರಾಹಕ ಸಹಾಯವಾಣಿಗೆ ಮುಟ್ಟಿಸುವುದಕ್ಕೂ ಹೆಚ್ಚಿನ ವೆಚ್ಚವೇನೂ ತಗಲದು. ಇತ್ತ ಪ್ರಾಧಿಕಾರವು ಮಾರಾಟದ ತಾಣಗಳಿಂದ, ತಾವು ನಿರ್ದೋಷಿಗಳೆಂಬ ಪ್ರಮಾಣಪತ್ರಕ್ಕೆ ತೃಪ್ತವಾಗದೆ, ಕಳೆದ ವರ್ಷ ಯಾವ ಯಾವ ಪುಟಗಳನ್ನು ಎಷ್ಟು ಬಗೆಯಾಗಿ ಮಾರ್ಪಡಿಸಿ ಎಷ್ಟು ಜನರ ಮೇಲೆ ಪರೀಕ್ಷಿಸಿದಿರಿ, ಅದರಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಏತಕ್ಕೆ ಎಂಬ ವಿವರವನ್ನು ಕೇಳಿ ಪಡೆದು, ಯಾವ ವಿದ್ಯಾರ್ಥಿಯಾದರೂ ತೆರೆದು ತಾಳೆ ನೋಡುವಂತೆ ಸಾರ್ವಜನಿಕವಾಗಿ ಇಡತಕ್ಕದ್ದು.